ಮಸ್ಟಾಂಗ್ ಸಲುವಾಗಿ ಪುಟ್ಟಾಗ ಒಂದು ಪತ್ರ

ಡೊಂಬಿವಲಿ
ರವಿವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ನೀ ಕಳಿಸಿದ ಫೋಟೋ ಎಲ್ಲಾ ನೋಡಿದೆ, ಒಂದಲ್ಲ ಮೂರು ಸಲ ನೋಡಿದೆ. ಆ ಕೆಂಪು ಬಣ್ಣ ಖರೇನ ಭಾಳ ಛಂದ ಅದ. ನಿನ್ನೆ ಫೋನಿನ್ಯಾಗ ನಾ ಬರೇ ಹೂಂ ಹೂಂ ಅಂದು ಇಟ್ಟೆ ಅಂತ ನಿಂಗ ಬ್ಯಾಸರ ಆಗಿರಬೇಕು, ಆದ್ರ ಇಂಥಾ ಮಾತು ಫೋನಿನ್ಯಾಗ ಆಡಲಿಕ್ಕೆ ಬರೂದಿಲ್ಲ, ನಾ ಒಂದು ಲೆಕ್ಕ ಹೇಳೂದ್ರಾಗ ನೀ ಇನ್ನೊಂದಕ್ಕ ಉತ್ತರ ಕೊಡ್ತೀ, ಕಡೀಕ ಇಬ್ಬರದೂ ದನಿ ಏರ್ತದ. ಅದಕ್ಕ ಕೂತು ಬರೀಲಿಕ್ಕೆ ಹತ್ತೀನಿ. ಪೂರ್ತಿ ಓದು, ಅರ್ಧಕ್ಕ ಬಿಡಬ್ಯಾಡ.

ನಿನ್ನ ಕಾರಿನ ಹುಚ್ಚು ನಂಗ ಹೊಸಾದಲ್ಲ. ನಾಕನೇತ್ತಾ ಇದ್ದಾಗ ಸೂಟಿಗೆ ನಮ್ಮ ಮನಿಗೆ ಬಂದಿದ್ದಿ, ಮರೀನ್ ಡ್ರೈವಿನ ಕಟ್ಟಿ ಮ್ಯಾಲ ಕೂತು ಸಮುದ್ರಕ್ಕ ಬೆನ್ನು ಮಾಡಿ ಹೋಗೂ ಕಾರಿನ ಹೆಸರು ಒಂದೊಂದ ಹೇಳ್ತಿದ್ದಿ, ಭೇಲ್ ತಿನ್ನೂದು ಸುದ್ದಾ ಮರೀತಿದ್ದಿ. ಹಂತಾ ಹುಡುಗ ಇವತ್ತ ತನ್ನ ದುಡಿಮಿಯಿಂದ ಫೋರ್ಡ್ ಮಸ್ಟಾಂಗ್ ಕಾರು ತಗೋತೀನಿ ಅಂದ್ರ ನಂಗ್ಯಾಕ ಖುಷಿ ಆಗಬಾರದು? ಆಗೇದ. "ಇದೆಲ್ಲಾ ಯಾಕ ಬೇಕು" ಅಂತ ನಿಮ್ಮಪ್ಪ ಅನ್ನಬಹುದು, ನಾ ಅನ್ನೂದಿಲ್ಲ. ಮನುಷ್ಯಾಗ ಒಂದಾದ್ರೂ ಹುಚ್ಚು ಇರಬೇಕು.

ನನ್ನ ತಕರಾರು ಇರೂದು ಕಾರಿನ ಮ್ಯಾಲ ಅಲ್ಲ, ನೀ ಮಾಡೂ ಲೆಕ್ಕದ ಮ್ಯಾಲ. "ಅತ್ಯಾ, 2016ರಾಗ 65 ಲಕ್ಷಕ್ಕ ಬಂದ ಮಾಡೆಲ್ಲು, ಈಗ ಸೆಕೆಂಡ್ ಹ್ಯಾಂಡ್ 42ಕ್ಕ ಸಿಗ್ಲಿಕ್ಕೆ ಹತ್ತದ, ಲಾಭ ಅಲ್ಲೇನು" ಅಂತ ಕೇಳಿದಿ. ಪುಟ್ಟಾ, ಕಾರಿನ ರೇಟ್ ಇಳಿದದ, ಅದನ್ನ ಸಾಕೂ ಖರ್ಚು ಇಳಿದಿಲ್ಲ. ಬಾನೆಟ್ ಕೆಳಗ ಇರೂದು ಅದ 5 ಲೀಟರಿನ ವಿ8 ಎಂಜಿನ್, ಸುಮಾರು 400 ಎಚ್‌ಪಿ ತಾಕತ್ತು, ಅದು ತಾನು ಸೆಕೆಂಡ್ ಹ್ಯಾಂಡ್ ಆಗೀನಿ ಅಂತ ಪೆಟ್ರೋಲ್ ಕಡಿಮಿ ಕುಡಿಯೂದಿಲ್ಲ. ಬ್ರೇಕ್ ಪ್ಯಾಡು, 19 ಇಂಚಿನ ಟಯರು, ಹೆಡ್‌ಲೈಟು, ಇವು ಯಾವೂ 42 ಲಕ್ಷದ ಕಾರಿನ ರೇಟಿಗೆ ಬರೂದಿಲ್ಲ, 65 ಲಕ್ಷದ ಕಾರಿನ ರೇಟಿಗೇ ಬರ್ತಾವ, ಅದೂ ಈಗಿನ ಡಾಲರ್ ಲೆಕ್ಕದಾಗ. ಮ್ಯಾಲ ಅದು ಮೊದಲಿಂದನೂ ಹೊರಗಿಂದ ಪೂರ್ತಿ ತಯಾರಾಗಿ ಬಂದ ಗಾಡಿ, ಫೋರ್ಡ್‌ನವರು 2021ರಾಗ ಇಲ್ಲಿ ಕಾರು ಮಾಡೂದು ನಿಲ್ಲಿಸ್ತೀವಿ ಅಂದ್ರು. ಸರ್ವಿಸ್ ಕೊಡ್ತಾರ, ಇಲ್ಲ ಅನ್ನೂದಿಲ್ಲ, ಆದ್ರ ಪಾರ್ಟ್ ಬರೂತನ ಕಾರು ವರ್ಕ್‌ಶಾಪಿನ್ಯಾಗ ಕೂಡ್ತದ. ಕಾರು ಕೂತದ ಅಂತ ಕಂತು ಕೂಡೂದಿಲ್ಲ.

ಈಗ ಸಾಲದ ಮಾತು. ನಾ ಬ್ಯಾಂಕಿನ್ಯಾಗ ವೆಹಿಕಲ್ ಲೋನ್ ಟೇಬಲ್ಲಿಗೆ 13 ವರ್ಷ ಕೂತಾಕಿ, ಈ ವಿಷಯದಾಗ ನನ್ನ ಮಾತು ಕೇಳು.

42ರಾಗ 12 ಲಕ್ಷ ನೀ ಕೈಯಿಂದ ಹಾಕ್ತೀ, ಉಳಿದ 30 ಲಕ್ಷಕ್ಕ ಐದು ವರ್ಷದ ಸಾಲ. ಸಾಲ ಕೊಡಸೂ ಆ ಏಜೆಂಟ್ ನಿಂಗ "ಬರೇ 8 ಪರ್ಸೆಂಟ್" ಅಂದಾನ. ನೀ ಅದನ್ನ ಹೋಮ್ ಲೋನಿನ 8 ಪರ್ಸೆಂಟ್ ಹಂಗ ತಿಳಕೊಂಡಿ. ಅವ ಹೇಳಿದ್ದು ಫ್ಲ್ಯಾಟ್ ರೇಟು. ಫ್ಲ್ಯಾಟ್ ಅಂದ್ರ ನೀ ಎಷ್ಟ ತೀರಿಸಿದ್ರೂ ಐದೂ ವರ್ಷ ಪೂರ್ತಿ 30 ಲಕ್ಷದ ಮ್ಯಾಲ ಬಡ್ಡಿ ಹಾಕೂದು. 30 ಲಕ್ಷಕ್ಕ ವರ್ಷಕ್ಕ 2.4 ಲಕ್ಷ, ಐದು ವರ್ಷಕ್ಕ 12 ಲಕ್ಷ ಬಡ್ಡಿ, ಒಟ್ಟು 42, ಅದನ್ನ 60ರಿಂದ ಭಾಗಿಸಿದ್ರ ತಿಂಗಳಿಗೆ 70,000. ಇದನ್ನ ಬ್ಯಾಂಕಿನ ರೆಡ್ಯೂಸಿಂಗ್ ಲೆಕ್ಕಕ್ಕ, ಅಂದ್ರ ಉಳಿದ ಬಾಕಿ ಮ್ಯಾಲ ಅಷ್ಟ ಬಡ್ಡಿ ಹಾಕೂ ಲೆಕ್ಕಕ್ಕ ತಂದ್ರ 14 ಪರ್ಸೆಂಟ್ ದಾಟ್ತದ. ಮೊದಲನೇ ತಿಂಗಳ ಕಂತಿನ್ಯಾಗ ಸುಮಾರು 35,000 ಬರೇ ಬಡ್ಡಿಗೇ ಹೋಗ್ತದ. ಇನ್ನೊಂದು ಲೆಕ್ಕ ಮಾಡಿ ಇಟ್ಟೀನಿ: ಎರಡು ವರ್ಷ ಒಂದೂ ತಪ್ಪಿಸದ 16 ಲಕ್ಷ 80 ಸಾವಿರ ಕಟ್ಟಿದ ಮ್ಯಾಲೂ ಬಾಕಿ 20 ಲಕ್ಷಕ್ಕಿಂತ ಜಾಸ್ತಿ ಉಳೀತದ. ಅಷ್ಟರಾಗ ಕಾರಿಗೆ ಇನ್ನೆರಡು ವರ್ಷ ವಯಸ್ಸಾಗಿರ್ತದ, ಮಾರ್ತೀನಿ ಅಂದ್ರೂ ಎಷ್ಟ ಬರ್ತದೋ ಯಾರಿಗೆ ಗೊತ್ತು.

ಬ್ಯಾಂಕು ಬಿಟ್ಟು ಎನ್‌ಬಿಎಫ್‌ಸಿಗೆ, ಅಂದ್ರ ಬ್ಯಾಂಕ್ ಅಲ್ಲದ ಸಾಲದ ಕಂಪನಿಗೆ ಯಾಕ ಕಳಿಸ್ಯಾನ ಅಂತ ವಿಚಾರ ಮಾಡಿದೇನು? ಭಾಳ ಬ್ಯಾಂಕಿನ್ಯಾಗ ಲೋನ್ ಮುಗಿಯೂ ಹೊತ್ತಿಗೆ ಕಾರಿನ ವಯಸ್ಸು 10 ವರ್ಷದ ಒಳಗ ಇರಬೇಕು ಅಂತ ಕಂಡೀಶನ್ ಇರ್ತದ. ಈ ಕಾರು 2017ರದು. ಬ್ಯಾಂಕು ಬ್ಯಾಡ ಅಂದ ಸಾಲ ಬ್ಯಾರೆಯವರು ಕೊಡ್ತಾರಂದ್ರ ಆ ರಿಸ್ಕಿನ ರೊಕ್ಕ ನಿನ್ನ ಕಡಿಂದನ ತಗೋತಾರ. 2024ರ ಅಕ್ಟೋಬರ್‌ದಿಂದ ಆರ್‌ಬಿಐ ರೂಲ್ ಅದ, ಸಾಲ ಕೊಡೂ ಮೊದಲ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಬೇಕು, ಅದರಾಗ ಎಪಿಆರ್ ಅಂತ ಒಂದು ನಂಬರ್ ಇರ್ತದ, ಪ್ರೊಸೆಸಿಂಗ್ ಫೀ ಅದು ಇದು ಎಲ್ಲಾ ಸೇರಿಸಿದ ಖರೇ ಬಡ್ಡಿ ಅದು. ಆ ಕಾಗದ ಕೇಳು. ನಾಳೆ ಕೊಡ್ತೀನಿ ನಾಡದು ಕೊಡ್ತೀನಿ ಅಂದ್ರ ಎದ್ದು ಬಾ. ಲೋನಿನ ಜೋಡಿ ನಿಂಗ ಕೇಳದ ಒಂದು ಇನ್ಸುರೆನ್ಸ್ ಹಚ್ಚಿ ಅದರ ಪ್ರೀಮಿಯಂನೂ ಸಾಲದಾಗ ಸೇರಿಸ್ತಾರ, ಅದನ್ನೂ ನೋಡು. ಮತ್ತ "ಬೋನಸ್ ಬಂದ ಮ್ಯಾಲ ಒಮ್ಮೆಲೇ ತೀರಿಸ್ತೀನಿ" ಅಂದಿಯಲ್ಲಾ, ಕಾರ್ ಲೋನ್ ಬಹುತೇಕ ಫಿಕ್ಸೆಡ್ ರೇಟಿಂದು ಇರ್ತದ, ಮೊದಲ ಮುಗಿಸಿದ್ರ ಚಾರ್ಜ್ ಹಾಕ್ತಾರ, ಅದು ಎಷ್ಟ ಅಂತ ಅದ ಕಾಗದದಾಗ ಬರದಿರ್ತದ.

ನಿನ್ನ ತಿಂಗಳಿನ ಲೆಕ್ಕ ನಾನ ಮಾಡಿದೆ, ಸಿಟ್ಟಾಗಬ್ಯಾಡ. ಕೈಗೆ ಬರೂದು 1,60,000. ಕಂತು 70,000. ಪುಣೆದ ವಾಕಡದಿಂದ ಹಿಂಜವಡಿ ಟ್ರಾಫಿಕ್ಕಿನ್ಯಾಗ ಆ ಎಂಜಿನ್ ಲೀಟರಿಗೆ 6 ಕಿಲೋಮೀಟರ್ ಕೊಟ್ರ ಪುಣ್ಯಾ, ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದಿ ಅಂದ್ರ ಪೆಟ್ರೋಲಿಗೇ 17,500. ಇನ್ಸುರೆನ್ಸು, ಸರ್ವಿಸು, ಟಯರು ಅಂತ ತಿಂಗಳಿಗೆ 15,000 ತಗದಿಟ್ರೂ ಅದು ಕಡಿಮೀನ. ಒಟ್ಟು 1,02,500. ಉಳಿದದ್ದು 57,500, ಅದರಾಗ ಬಾಡಿಗಿ 28,000, ಊರಿಗೆ ಕಳಿಸೂದು 15,000. ಕೈಯಾಗ ಉಳಿಯೂದು 14,500. ಅದರಾಗ ಊಟ, ಫೋನು, ಬಟ್ಟಿ, ದವಾಖಾನಿ, ದೋಸ್ತರ ಲಗ್ನ ಎಲ್ಲಾ. ಡೌನ್ ಪೇಮೆಂಟಿನ 12 ಲಕ್ಷಕ್ಕ ಎಫ್‌ಡಿ ಮುರಿದಿರ್ತೀ, ಅಂದ್ರ ಹಿಂದ ಒಂದು ರೂಪಾಯಿ ಇರೂದಿಲ್ಲ. ನಿಮ್ಮ ಕಂಪನ್ಯಾಗ ಹೋದ ವರ್ಷ ಎಷ್ಟ ಮಂದೀನ ಮನಿಗೆ ಕಳಿಸಿದ್ರು ಅಂತ ನೀನ ನಂಗ ಹೇಳಿದ್ದಿ. ಎರಡು ವರ್ಷದಾಗ ಪುಣೆದಾಗ ಫ್ಲ್ಯಾಟ್ ಅನ್ನೂ ಮಾತೂ ನಿಂದ, ಹೋಮ್ ಲೋನಿಗೆ ಹೋದ್ರ ಅವರು ಮೊದಲ ನೋಡೂದು ನಡದಿರೂ ಕಂತು ಎಷ್ಟ ಅಂತ. 70,000ದ ಕಂತು ನೋಡಿದ ಕೂಡ್ಲೆ ಫೈಲ್ ಬದಿಗಿಡ್ತಾರ. ನಾನ ಎಷ್ಟೋ ಹುಡುಗರ ಫೈಲ್ ಹಂಗ ಇಟ್ಟೀನಿ, ಅವರ ಮಾರಿ ಇನ್ನೂ ನೆನಪದ.

ನಿಂಗ ಗೊತ್ತಿಲ್ಲದ ಒಂದು ಮಾತು ಹೇಳ್ತೀನಿ, ಮನ್ಯಾಗ ಇದನ್ನ ನಾವು ಯಾರೂ ತಗಿಯೂದಿಲ್ಲ.

2005ರ ಜುಲೈ 26ಕ್ಕ ಮುಂಬಯಿ ಮುಳುಗಿತ್ತು ಗೊತ್ತದಲ್ಲಾ, ಸಾಂತಾಕ್ರೂಜ್‌ದಾಗ ಒಂದ ದಿನಕ್ಕ 944 ಮಿಲಿಮೀಟರ್ ಮಳಿ. ನಿಮ್ಮ ಮಾಮಾ ಆ ರಾತ್ರಿ ಕುರ್ಲಾದಿಂದ ನಡಕೊಂಡು ಮರುದಿನ ಮನಿಗೆ ಬಂದ್ರು. ಅದಾಗಿ ಆರು ತಿಂಗಳಿಗೆ, ನಾನಿನ್ನೂ ಕ್ಯಾಶ್ ಕೌಂಟರಿನ್ಯಾಗ ಇದ್ದೆ, ನಾವು ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡ್ವಿ, ಬಿಳೀದು, ಒಳಗ ಹೊಸಾ ಸೀಟ್ ಕವರ್ರು, ಹೊಸಾ ಮ್ಯಾಟು. ಮೂರು ವರ್ಷದ ಸಾಲ. ಮಾರಿದವ ಭಾಳ ಮರ್ಯಾದಿಯಿಂದ ಮಾತಾಡಿದ, ಚಹಾ ತರಿಸಿದ. ಮೊದಲನೇ ಮಳಿಗಾಲಕ್ಕ ಕಾರಿನ್ಯಾಗಿಂದ ಹಸಿ ಗೋಣಿಚೀಲದ ವಾಸನಿ ಬರಲಿಕ್ಕೆ ಶುರು ಆತು. ಆಮ್ಯಾಲ ವೈಪರ್ ಹೋತು, ಒಂದಿನ ಲೈಟ್ ಹೋತು, ಖಂಡಾಳಾ ಘಾಟಿನ್ಯಾಗ ರಾತ್ರಿ ಹತ್ತಕ್ಕ ಎಂಜಿನ್ನ ಬಂದ್ ಬಿತ್ತು, ತೊಡಿ ಮ್ಯಾಲ ಮಗು. ಠಾಣೆದ ಮೆಕ್ಯಾನಿಕ್ ಕಾರ್ಪೆಟ್ ಎತ್ತಿ ತೋರಿಸಿದ, ಕೆಳಗ ಬೆರಳ ದಪ್ಪ ಒಣಗಿದ ಕೆಸರು. ಆ ಕಾರು ಪ್ರವಾಹದಾಗ ಮುಳುಗಿ ಎದ್ದದ್ದು. ಹಾಕಿದಷ್ಟು ರೊಕ್ಕ ಹಾಕಿದ್ವಿ, ಕಡೀಕ ಬಿಲ್ಡಿಂಗ್ ಕೆಳಗ ಟಾರ್ಪಾಲ್ ಹೊದಿಸಿ ನಿಲ್ಲಿಸಿದ್ವಿ. ಇನ್ನೂ 22 ಕಂತು ಇದ್ದವು. ಪ್ರತಿ ತಿಂಗಳ ಐದನೇ ತಾರೀಖಿಗೆ ನಿಂತ ಕಾರಿಗೆ ಕಂತು ಕಟ್ಟಿ ಅದರ ಬಾಜೂದಿಂದನ ಹಾದು ಲೋಕಲ್ ಹಿಡೀಲಿಕ್ಕೆ ಹೋಗ್ತಿದ್ದೆ. ಆ ಎರಡು ವರ್ಷ ನಿಮ್ಮ ಮಾಮಾ ಕಾರಿನ ಸುದ್ದಿ ಬಂದ್ರ ಎದ್ದು ಒಳಗ ಹೋಗ್ತಿದ್ರು. ನೀನೂ ಹಂಗ ಮಾತು ಬಿಟ್ಟು ಕೂಡೂದನ್ನ ನೋಡಲಿಕ್ಕೆ ನಂಗ ಆಗೂದಿಲ್ಲ ಪುಟ್ಟಾ.

ಅದಕ್ಕ, ಕಾರು ನೋಡಲಿಕ್ಕೆ ಹೋದಾಗ ಸೀಟ್ ಬೆಲ್ಟ್ ಪೂರ್ತಿ ಹೊರಗ ಎಳದು ಕೊನೀತನ ನೋಡು, ಕೆಸರಿನ ಗೆರಿ ಇದ್ರ ಅಲ್ಲೇ ಕಾಣ್ತದ, ಬೆಲ್ಟ್ ತೊಳೀಲಿಕ್ಕೆ ಯಾರಿಗೂ ನೆನಪಿರೂದಿಲ್ಲ. ಸೀಟಿನ ಕೆಳಗಿನ ಪಟ್ಟಿಗೆ ತುಕ್ಕು ಹಿಡದದ ಏನು, ಡಿಕ್ಕಿ ಮ್ಯಾಟ್ ಎತ್ತಿದ್ರ ಏನದ, ಹೆಡ್‌ಲೈಟ್ ಒಳಗ ಮಂಜು ಕೂತದ ಏನು. ನಿಮ್ಮ ಅಜ್ಜ ಎತ್ತು ಕೊಳ್ಳಲಿಕ್ಕೆ ಜಾತ್ರಿಗೆ ಹೋದ್ರ ನಸುಕಿನ್ಯಾಗ ಹೋಗ್ತಿದ್ರು, ಮಾರಾವ ಎತ್ತಿಗೆ ಮೈ ತೊಳದು ಕೋಡಿಗೆ ಎಣ್ಣಿ ಹಚ್ಚೂಕಿಂತ ಮೊದಲ ನೋಡಬೇಕು ಅಂತ. ನೀನೂ ಹೇಳದ ಮುಂಜಾನೆ ಹೋಗು, ಬಾನೆಟ್ ಮ್ಯಾಲ ಕೈ ಇಡು, ಬಿಸಿ ಇದ್ರ ಅವರು ಆಗಲೇ ಒಮ್ಮೆ ಚಾಲೂ ಮಾಡ್ಯಾರ, ತಣ್ಣಗಿನ ಎಂಜಿನ್ ಹೆಂಗ ಸದ್ದು ಮಾಡ್ತದ ಅಂತ ನಿಂಗ ಕೇಳಿಸಬಾರದು ಅಂತ.

ಕಾರು ದಿಲ್ಲಿ ನಂಬರಿಂದು ಅಂದಿ. ಅದರ ರೇಟ್ ಕಡಿಮಿ ಇರೂದಕ್ಕ ಅದೂ ಒಂದು ಕಾರಣ. ಅಲ್ಲಿನ ಆರ್‌ಟಿಓದ ಎನ್‌ಓಸಿ ಬೇಕು, ಇಲ್ಲಿ ಮಹಾರಾಷ್ಟ್ರದ ರೋಡ್ ಟ್ಯಾಕ್ಸ್ ಹೊಸಾದಾಗಿ ತುಂಬಬೇಕು, ಅದು ನಿನ್ನ 42 ಲಕ್ಷದಾಗ ಇಲ್ಲ. ಆರ್‌ಸಿ ಮ್ಯಾಲ ಹಳೇ ಮಾಲಕನ ಹೈಪೋಥಿಕೇಶನ್, ಅಂದ್ರ ಸಾಲ ಕೊಟ್ಟ ಬ್ಯಾಂಕಿನ ಹಕ್ಕು, ಇನ್ನೂ ಅದ ಏನು ಎಂಪರಿವಹನ್ ಆ್ಯಪಿನ್ಯಾಗ ನೋಡು, ಇದ್ರ ಅವನ ಬ್ಯಾಂಕಿನ ಎನ್‌ಓಸಿ, ಆ ಹಕ್ಕು ತಗಿಯೂ ಫಾರ್ಮ್ 35 ಕೈಗೆ ಬರೂತನ ರೊಕ್ಕ ಬಿಡಬ್ಯಾಡ. ಮತ್ತ ಆರ್‌ಸಿ ನಿನ್ನ ಹೆಸರಿಗೆ ಆದ 14 ದಿನದಾಗ ಇನ್ಸುರೆನ್ಸೂ ನಿನ್ನ ಹೆಸರಿಗೆ ಮಾಡಿಸಬೇಕು, ಅದನ್ನ ಬಿಟ್ಟವರು ಆಕ್ಸಿಡೆಂಟ್ ಆದಾಗ ತಮ್ಮ ಕಾರಿನ ಕ್ಲೇಮ್ ಕಳಕೊಂಡದ್ದು ನಾ ನೋಡೀನಿ. ಇಷ್ಟು ಹಳೇ ಕಾರಿಗೆ ಝೀರೋ ಡೆಪ್, ಅಂದ್ರ ಪಾರ್ಟಿನ ಸವಕಳಿ ಕಡೀದ ಕ್ಲೇಮ್ ಕೊಡೂ ಇನ್ಸುರೆನ್ಸು, ಸಿಗೂದು ಕಷ್ಟ, ಅದು ಇಲ್ಲಂದ್ರ ಪ್ಲಾಸ್ಟಿಕ್ ರಬ್ಬರ್ ಪಾರ್ಟಿಗೆ ಅರ್ಧ ರೊಕ್ಕ ನಿನ್ನ ಕಿಸೇದಿಂದ. ಮುಂದಿನ ಬಂಪರ್ ಪೂರ್ತಿ ಪ್ಲಾಸ್ಟಿಕ್ಕ ಅಲ್ಲೇನು.

ಇನ್ನೊಂದು, ಹೇಳ್ಲೋ ಬ್ಯಾಡೋ ಅಂತ ಭಾಳ ಹೊತ್ತು ಕೂತಿದ್ದೆ. ಮುಂಬಯಿ-ಪುಣೆ ಎಕ್ಸ್‌ಪ್ರೆಸ್‌ವೇದಾಗ ಕಾರಿಗೆ ಲಿಮಿಟ್ 100, ಘಾಟಿನ್ಯಾಗ 60, ಈಗ ಉದ್ದಕ್ಕೂ ಕ್ಯಾಮೆರಾ. ಪುಣೆದ ಕಲ್ಯಾಣಿನಗರದಾಗ 2024ರ ಮೇ 19ರ ನಸುಕಿನ್ಯಾಗ ಏನಾತು ಅಂತ ನಿಮ್ಮೂರಿನವರಿಗೆ ನಾ ಹೇಳಬೇಕಾಗಿಲ್ಲ, ಬೈಕ್ ಮ್ಯಾಲ ಹೊಂಟಿದ್ದ ಇಬ್ಬರು ಎಂಜಿನಿಯರ್ ಮಕ್ಕಳು, ನಿನ್ನಂಥವರ, ದೂರದ ಊರಿಂದ ಕೆಲಸಕ್ಕ ಬಂದವರು, ಜೋರ್ಲೆ ಬಂದ ಪೋರ್ಶೆ ಕಾರು ಬಡದು ಸತ್ತು ಹೋದ್ರು. ನೀ ಹಂಗ ಓಡಿಸೂ ಹುಡುಗ ಅಲ್ಲ, ನಂಗ ಗೊತ್ತದ. ಆದ್ರ 400 ಎಚ್‌ಪಿ ಕಾಲ ಕೆಳಗ ಇದ್ದಾಗ, ಹಿಂದ ದೋಸ್ತರು ಇನ್ನೂ ಸ್ವಲ್ಪ ಒತ್ತೋ ಅಂದಾಗ ಎಲ್ಲರೂ ಅಂಥವರ. ಮೊದಲ ಒಂದು ವರ್ಷ ದೋಸ್ತರನ್ನ ಕೂಡಿಸಿಕೊಂಡು ರಾತ್ರಿ ಹೊರಡೂದಿಲ್ಲ ಅಂತ ನಂಗ ಮಾತು ಕೊಡು.

ಈಗ ನೀ ಕೇಳಿದ ಸಹಿ. ಸಾಲಕ್ಕ ಕೋ-ಅಪ್ಲಿಕಂಟ್, ಅಂದ್ರ ಜೋಡಿ ಸಾಲಗಾರಳು ಅಂತ ಸಹಿ ಮಾಡು, ಅಪ್ಪಗ ಹೇಳಬ್ಯಾಡ ಅಂದಿ. ಅಪ್ಪಗ ಹೇಳದ ನಾ ಏನೂ ಮಾಡೂದಿಲ್ಲ, ಅವ ನನ್ನ ಅಣ್ಣ, ನಲವತ್ತು ವರ್ಷದಾಗ ಅವನ ಮುಂದ ಮುಚ್ಚಿಟ್ಟ ಮಾತಿಲ್ಲ. ಮತ್ತ ಈ 30 ಲಕ್ಷಕ್ಕ ಸಹಿ ಮಾಡೂದಿಲ್ಲ. ಸಹಿ ಮಾಡಿದ್ರ ನಿಂಗ ಪ್ರೀತಿ ತೋರಿಸಿಧಂಗ ಆಗ್ತದ ಅನಸ್ತದ ನಿಂಗ, ನಂಗ ಹಂಗ ಅನಸೂದಿಲ್ಲ.

ಅದರ ಬದಲಿಗೆ ಒಂದು ಕೆಲಸ ಮಾಡು. ಮುಂದಿನ ಪಗಾರದಿಂದ ಕಾರು ತಗೊಂಡೇ ಬಿಟ್ಟೀನಿ ಅಂತ ತಿಳಕೋ. ಪ್ರತಿ ತಿಂಗಳ 1,02,500 ಬ್ಯಾಂಕಿನ್ಯಾಗ ಒಂದು ಆರ್‌ಡಿಗೆ, ತಿಂಗಳಾ ತುಂಬೂ ಠೇವಣಿಗೆ ಹಾಕು, ಕಂತಿನ ತಾರೀಖಿಗೇ ಹೋಗೂ ಹಂಗ ಆಟೋ ಡೆಬಿಟ್ ಮಾಡು. ಎಂಟು ತಿಂಗಳು ಹಾಕು. ಉಳಿದ ರೊಕ್ಕದಾಗ ಬದುಕಿ ನೋಡು, ಗಣಪತಿ ಹಬ್ಬಕ್ಕ ಊರಿಗೆ ಬರೂ ಟಿಕೆಟ್ಟು, ಅವ್ವನ ಕಣ್ಣಿನ ಆಪರೇಶನ್ನು ಎಲ್ಲಾ ಅದರಾಗ. ನಡುವ ಎರಡು ಸಲ ತಪ್ಪಿಸಿದಿ ಅಂದ್ರ ಉತ್ತರ ನಿಂಗ ಸಿಕ್ಕಂಗಾತು, ಯಾರೂ ಹೇಳಬೇಕಾಗಿಲ್ಲ. ನಡೀತು ಅಂದ್ರ ಕೈಯಾಗ 8 ಲಕ್ಷ 20 ಸಾವಿರ ಮತ್ತ ಬಡ್ಡಿ, ನಿನ್ನ 12 ಸೇರಿ 20 ದಾಟ್ತದ, ಆಗ ಬೇಕಾಗೂ ಸಾಲ 22 ಲಕ್ಷನೂ ಅಲ್ಲ, ಯಾಕಂದ್ರ ಅಷ್ಟರಾಗ ಆ ಕಾರಿನ ರೇಟೂ ಇಳಿದಿರ್ತದ. ಈ ಕಾರು ಹೋಗ್ತದ ಅಂತ ಹೆದರಬ್ಯಾಡ. ಇಂಥಾ ಕಾರು ತಗೊಂಡು ಎರಡು ವರ್ಷಕ್ಕ ಮಾರೂ ಮಂದಿ ಯಾವಾಗಲೂ ಇರ್ತಾರ, ಅವರು ಯಾಕ ಮಾರ್ತಾರ ಅಂತ ನಿಂಗೀಗ ತಿಳಿದಿರ್ತದ.

ಹಂಗ ಮಾಡಿದಿ ಅಂದ್ರ ಅಪ್ಪನ ಮುಂದ ಕೂತು ನಾನ ಮಾತಾಡ್ತೀನಿ. ಸಹಿ ಬೇಕಾದ್ರ ಸಹಿನೂ ಮಾಡ್ತೀನಿ, ಮೊದಲನೇ ಸಲ ಆ ಕಾರಿನ್ಯಾಗ ನಾನ ಮುಂದ ಕೂಡ್ತೀನಿ.

ಬರೂ ಶನಿವಾರ ಕಲ್ಯಾಣದಾಗ ಮುಂಜಾನಿ ಗಾಡಿ ಹಿಡದು ಪುಣೆಗೆ ಬರ್ತೀನಿ, ಮಾಮಾನೂ ಬರ್ತಾರ. ಕಾರು ನೋಡಲಿಕ್ಕೆ ಕೂಡೇ ಹೋಗೂಣ, ಮಾಮಾಗ ಸೀಟ್ ಬೆಲ್ಟ್ ಎಳದು ನೋಡೂದು ನನಗಿಂತ ಛಲೋ ಬರ್ತದ. ನಿಂಗ ಶೇಂಗಾ ಹಿಂಡಿ, ಕಟಕ ರೊಟ್ಟಿ ಕಟ್ಟಿಕೊಂಡು ಬರ್ತೀನಿ. ಆ ಏಜೆಂಟಿನ ಕಡೆ ಕೀ ಫ್ಯಾಕ್ಟ್ ಕಾಗದ ತರಿಸಿ ಇಟ್ಟಿರು. ನಾವು ಬರೂತನ ಟೋಕನ್ ಮಾತ್ರ ಕೊಡಬ್ಯಾಡ, ಐದು ಸಾವಿರನೂ ಬ್ಯಾಡ.

ನಿನ್ನ
ಅತ್ಯಾ