ಬಾಗಿಲಿಗೆ ಬಂದ ಹುಡುಗನ ಫೋಟೋ

ಗೆಳೆಯಾ,

ನೀನು ಕಳಿಸಿದ ವಿಡಿಯೋ ನೋಡಿದೆ ಕಣೋ. ರಸ್ತೆ ಮೂಲೆಗೆ ಕಸ ಎಸೆದು ಹೋದವರ ಮನೆ ಹುಡುಕಿ, ಅವರ ಗೇಟಿನ ಮುಂದೇನೇ ಗಾಡಿಯಿಂದ ಕಸ ಸುರಿಯೋದು. 2025ರ ಅಕ್ಟೋಬರಿನಲ್ಲಿ ಬೆಂಗಳೂರಲ್ಲಿ ಶುರುವಾದ ಇದಕ್ಕೆ ‘ಕಸ ಸುರಿಯುವ ಹಬ್ಬ’ ಅಂತ ಹೆಸರು ಬೇರೆ! “ಮಾನ ಹೋದರೇನೇ ಬುದ್ಧಿ ಬರೋದು, ನಿಮ್ಮ ಇಂಗ್ಲೆಂಡಲ್ಲಿ ಹೀಗೆಲ್ಲ ಮಾಡ್ತಾರಾ?” ಅಂತ ಕೇಳಿದ್ದೀಯ.

ಮಾಡ್ತಿದ್ದರು ಮಾರಾಯ. ನಾನು ಲಂಡನ್ನಿಗೆ ಬಂದ ಹೊಸತು. ಒಂದು ಶನಿವಾರ ಬೆಳಿಗ್ಗೆ ಪಿಜ್ಜಾ ಅಂಗಡಿ ಚೀಟಿಗಳ ಜೊತೆ ಒಂದು ಕರಪತ್ರ ಬಾಗಿಲ ಸೀಳಿನಿಂದ ಒಳಗೆ ಬಿತ್ತು. ಹುಡುಗನೊಬ್ಬನ ಫೋಟೋ, ಹೆಸರು, ವಯಸ್ಸು. ಕೆಳಗೆ ನಮ್ಮ ಬೀದಿಗಳ ನಕ್ಷೆ, ಸುತ್ತ ದಪ್ಪ ಕೆಂಪು ಗೆರೆ. ಇಂಥ ತಾರೀಕಿನವರೆಗೆ ಇವನು ಈ ಗೆರೆ ದಾಟಿ ಒಳಗೆ ಬರೋ ಹಾಗಿಲ್ಲ, ಕಂಡರೆ ಈ ನಂಬರಿಗೆ ಫೋನ್ ಮಾಡಿ ಅಂತ. ಬಸ್ ಸ್ಟಾಪಿನ ಗಾಜು ಒಡೆದು, ಪಕ್ಕದ ಮನೆ ಅಜ್ಜಿಯ ಕಿಟಕಿಗೆ ಮೊಟ್ಟೆ ಎಸೆದು ಗೋಳು ಹೊಯ್ಕೊಂಡಿದ್ದವನು. ನಿಜ ಹೇಳ್ತೀನಿ, ನನಗೆ ಖುಷಿಯೇ ಆಯ್ತು. ಫ್ರಿಜ್ಜಿನ ಮೇಲೆ ಅಂಟಿಸಿದೆ.

ಆ ಆದೇಶಕ್ಕೆ ‘ಆಸ್ಬೋ’ ಅಂತಿದ್ದರು, ‘ಆಂಟಿ ಸೋಶಿಯಲ್ ಬಿಹೇವಿಯರ್ ಆರ್ಡರ್’ ಅನ್ನೋದರ ಚಿಕ್ಕ ರೂಪ, ಅಂದರೆ ಸುತ್ತಲಿನವರಿಗೆ ಕಾಟ ಕೊಡೋರನ್ನ ತಡೆಯೋ ಕೋರ್ಟ್ ಆದೇಶ. 1998ರ ಕಾಯ್ದೆಯದು. ಹತ್ತು ವರ್ಷದ ಮಗುವಿನ ಮೇಲೂ ತರಬಹುದಿತ್ತು. ಆದೇಶ ಸಿವಿಲ್ ಸ್ವರೂಪದ್ದು, ಮುರಿದರೆ ಮಾತ್ರ ಕ್ರಿಮಿನಲ್, ದೊಡ್ಡವರಿಗೆ 5 ವರ್ಷದವರೆಗೂ ಜೈಲು. ಈಗ ಯೋಚಿಸು: ಈ ಬೀದಿಗೆ ಬರಬೇಡ ಅನ್ನೋ ಆದೇಶ ಕೋರ್ಟಿನ ಫೈಲಲ್ಲೇ ಇದ್ದರೆ, ಬಂದಾಗ ಹೇಳೋರು ಯಾರು? ಪೊಲೀಸರು ಹಗಲು ರಾತ್ರಿ ನಿಂತಿರ್ತಾರಾ? ಅಜ್ಜಿಯೇ ನೋಡಬೇಕು. ಅದಕ್ಕೆ ಅಜ್ಜಿಗೆ ಮುಖವೂ ಗೊತ್ತಿರಬೇಕು, ಗೆರೆಯೂ ಗೊತ್ತಿರಬೇಕು.

ಇದು ಹೈಕೋರ್ಟಿಗೂ ಹೋಯ್ತು, 2004ರಲ್ಲಿ. ಲಂಡನ್ನಿನ ಬ್ರೆಂಟ್ ಅನ್ನೋ ಕಡೆ ಹುಡುಗರ ಫೋಟೋ ಹಾಕಿ ಹಂಚಿದ್ದರು. ನಮ್ಮ ಖಾಸಗಿ ಬದುಕಿನ ಹಕ್ಕು ಏನಾಯ್ತು ಅಂತ ಮೂವರು ಕೇಳಿದರು, ಸೋತರು. ಜನಕ್ಕೆ ತಿಳಿಸೋಕೆ, ಧೈರ್ಯ ತುಂಬೋಕೆ, ಆದೇಶ ಜಾರಿ ಮಾಡೋಕೆ ಪ್ರಚಾರ ಬೇಕು ಅಂದಿತು ಕೋರ್ಟು. ಆದರೆ ಎಷ್ಟು ಬೇಕೋ ಅಷ್ಟೇ ಅಂತಲೂ ಹೇಳಿತು.

ಮಾನ ಕಳೆಯೋ ಲೆಕ್ಕದಲ್ಲಿ ನೋಡಿದರೆ ಎಲ್ಲ ತಿರುಗುಮುರುಗು. ಕೆಲವು ಹುಡುಗರು ಆಸ್ಬೋನ ಎದೆ ಮೇಲಿನ ಪದಕದ ಹಾಗೆ ಮೆರೆಸ್ತಿದ್ದರು! ಅರ್ಧಕ್ಕಿಂತ ಹೆಚ್ಚು ಆದೇಶಗಳನ್ನ ಮುರಿದಿದ್ದಾರೆ. ಕೊನೆಗೆ 2014ರ ಕಾಯ್ದೆ ಬಂದು ಆಸ್ಬೋ ಹೋಯ್ತು, ಬೇರೆ ಹೆಸರಿನ ಆದೇಶಗಳು ಬಂದವು.

ಆ ಹುಡುಗನ್ನ ಮೂರು ವರ್ಷ ಆದಮೇಲೆ ನೋಡಿದೆ. ಸೂಪರ್‌ಮಾರ್ಕೆಟ್ಟಿನ ಕೌಂಟರಲ್ಲಿ ನನ್ನ ಆಲೂಗಡ್ಡೆ ತೂಗ್ತಾ ಇದ್ದ. ಚೀಲ ಬೇಕಾ ಅಂತ ಕೇಳಿದ. ನಾನು ಅವನ ಮುಖ ನೋಡಲಾರದೆ ಚಿಲ್ಲರೆ ಎಣಿಸ್ತಾ ನಿಂತೆ. ಕರಪತ್ರದ ತಾರೀಕು ಯಾವಾಗಲೋ ಮುಗಿದಿತ್ತು, ಕಾಗದ ಮಾತ್ರ ನನ್ನ ಫ್ರಿಜ್ಜಿನ ಮೇಲೆ ಹಾಗೇ ಇತ್ತು. ಮನೆಗೆ ಬಂದು ಕಿತ್ತೆ.

ನಿನ್ನ ವಿಡಿಯೋನ ಮತ್ತೊಂದು ಸಲ ನೋಡು. ಕಸ ಸುರಿಯುವಾಗ ಬಾಗಿಲಲ್ಲಿ ಸ್ಕೂಲ್ ಯೂನಿಫಾರ್ಮ್ ಹಾಕಿಕೊಂಡ ಒಂದು ಹುಡುಗಿ ನಿಂತಿದ್ದಾಳೆ. ದಂಡ ಹಾಕಲಿ, ಬೇಡ ಅನ್ನಲ್ಲ. ಗ್ರೂಪಿಗೆ ಹಾಕಿದ್ದನ್ನ ಮಾತ್ರ ಇವತ್ತೇ ಅಳಿಸೋ.

ಇಂತಿ ನಿನ್ನವ