ಈ ಸಲ ಸಂತರಿಗೆ ಬಾಡಿಗೆ ವೇಷ ಬೇಡ

ಪ್ರೀತಿಯ ಪೋಷಕರೇ,

ನಮಸ್ಕಾರ. ನವೆಂಬರ್ 1 ಕ್ರೈಸ್ತರ ಸಕಲ ಸಂತರ ಹಬ್ಬ. ಅವತ್ತೇ ರಾಜ್ಯೋತ್ಸವವೂ ಇರುವುದರಿಂದ ಧ್ವಜಾರೋಹಣ, ಮೆರವಣಿಗೆ ಅಂತ ಮಕ್ಕಳಿಗೆ ಪುರಸೊತ್ತೇ ಇರುವುದಿಲ್ಲ. ಹಾಗಾಗಿ ಮಕ್ಕಳು ಒಬ್ಬೊಬ್ಬ ಸಂತರಾಗಿ ವೇದಿಕೆಗೆ ಬರುವ ಧರ್ಮೋಪದೇಶ ತರಗತಿಯ ಸಂತರ ದಿನವನ್ನು ಅಕ್ಟೋಬರ್ 31ಕ್ಕೆ ಇಟ್ಟುಕೊಂಡಿದ್ದೇವೆ. ಒಂದೇ ಕೋರಿಕೆ: ದಯವಿಟ್ಟು ಬಾಡಿಗೆ ವೇಷ ತರಬೇಡಿ.

ಯಾಕೆ ಅಂತ ಹೇಳುತ್ತೇನೆ. ಹೋದ ವರ್ಷ ವೇದಿಕೆ ತುಂಬ ಜರಿ ಅಂಚಿನ ನಿಲುವಂಗಿ, ಥರ್ಮೊಕೋಲ್ ಕಿರೀಟ, ರಟ್ಟಿನ ಕತ್ತಿ. ಅವುಗಳ ಮಧ್ಯೆ ಐದನೇ ತರಗತಿಯ ಒಬ್ಬ ಹುಡುಗ ಯೂನಿಫಾರ್ಮಿನಲ್ಲೇ ಬಂದು ನಿಂತ. ಕೈಯಲ್ಲಿ ಸವೆದು ಮೊಂಡಾದ ಪೊರಕೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಸುಳ್ಳೇಕೆ, ನಾನೂ ತುಟಿ ಕಚ್ಚಿಕೊಂಡೆ. "ನಾನು ಸಂತ ಮಾರ್ಟಿನ್ ದೆ ಪೋರೆಸ್" ಅಂದ ಹುಡುಗ.

ಅವನು ಸರಿಯಾಗಿಯೇ ಬಂದಿದ್ದ. ಚಿತ್ರಗಳಲ್ಲಿ ಮಾರ್ಟಿನ್ ಕೈಯಲ್ಲಿ ಪೊರಕೆಯೇ ಇರುತ್ತದೆ. ಅವರು 1579ರಲ್ಲಿ ಪೆರು ದೇಶದ ಲಿಮಾದಲ್ಲಿ ಹುಟ್ಟಿದವರು. ಅಪ್ಪ ಸ್ಪೇನಿನವನು, ಅಮ್ಮ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸು. ಮೊದಮೊದಲು ಅಪ್ಪ ಇವನು ನನ್ನ ಮಗ ಅಂತಲೇ ಒಪ್ಪಲಿಲ್ಲ. ಮಾರ್ಟಿನ್ ಕ್ಷೌರದ ಕೆಲಸ ಕಲಿತರು. ಆಗೆಲ್ಲ ಗಾಯಕ್ಕೆ ಮದ್ದು ಹಾಕುವುದೂ ಕ್ಷೌರಿಕರೇ. ದೊಮಿನಿಕನ್ ಸಭೆಯ ಕ್ರೈಸ್ತ ಸನ್ಯಾಸಿಗಳ ಮಠ ಸೇರಿ ಕಸ ಗುಡಿಸಿದರು, ರೋಗಿಗಳನ್ನು ನೋಡಿಕೊಂಡರು, ಬಾಗಿಲಿಗೆ ಬಂದ ಬಡವರಿಗೆ ಊಟ ಕೊಟ್ಟರು. ತೀರಿಕೊಂಡದ್ದು 1639ರಲ್ಲಿ. ಸಂತ ಪದವಿ ಸಿಕ್ಕಿದ್ದು 1962ರಲ್ಲಿ.

ನಮ್ಮ ಶಾಲೆಯ ಎಷ್ಟೋ ಮಕ್ಕಳ ಅಮ್ಮಂದಿರು ಕಾಫಿ ಕಣ ಗುಡಿಸಿ ಸಂಜೆ ಮನೆಗೆ ಬರುವವರು. ಅಂಥ ಮಕ್ಕಳೇ ಪೊರಕೆ ನೋಡಿ ನಕ್ಕರು. ಕಿರೀಟ ತೊಡಿಸಿ ತೊಡಿಸಿ ಅದನ್ನು ನಾವೇ ಕಲಿಸಿದೆವು ಅಂತ ನನಗೆ ಅನ್ನಿಸಿತು.

ಕಥೆ ಹೇಳುವಾಗಲೂ ಅಷ್ಟೇ, ನಾವು ಪವಾಡಕ್ಕೇ ಜಾಸ್ತಿ ಜೋತು ಬೀಳುತ್ತೇವೆ. ಪವಾಡ ಬೇಡ ಅನ್ನುತ್ತಿಲ್ಲ. ಬರೀ ಅದನ್ನೇ ಕೇಳಿದ ಮಗು "ಅವರು ಬೇರೆ, ನಾನು ಬೇರೆ" ಅಂದುಕೊಂಡು ಸುಮ್ಮನಾಗಿಬಿಡುತ್ತದೆ.

ಅಕ್ಟೋಬರ್ ಜಪಸರದ, ಅಂದರೆ ಮಣಿ ಎಣಿಸುತ್ತಾ ಮಾತೆ ಮರಿಯಳನ್ನು ಪ್ರಾರ್ಥಿಸುವ ತಿಂಗಳು ಅಲ್ವಾ? ಅದರ ಮೂರನೇ ಭಾಗಕ್ಕೆ, ಅಂದರೆ ಮೂರನೇ ರಹಸ್ಯಕ್ಕೆ ಬರುವಷ್ಟರಲ್ಲಿ ಮಗು ತೂಕಡಿಸುತ್ತದೆ, ನಾವು ತಿವಿದು ಎಬ್ಬಿಸುತ್ತೇವೆ. ಫ್ರಾನ್ಸಿನ ಸನ್ಯಾಸಿನಿ, ಲಿಸಿಯದ ಸಂತ ತೆರೇಸಾ ಕೂಡ ಪ್ರಾರ್ಥನೆಯಲ್ಲಿ ನಿದ್ದೆ ಹೋಗುತ್ತಿದ್ದರು. ಎದ್ದಿದ್ದರೂ ಮಲಗಿದ್ದರೂ ಮಕ್ಕಳ ಮೇಲೆ ಅಪ್ಪ ಅಮ್ಮನ ಪ್ರೀತಿ ಒಂದೇ ತಾನೇ ಅಂತ ಬರೆದುಕೊಂಡಿದ್ದಾರೆ. ಒಮ್ಮೆ ಕಾನ್ವೆಂಟಿನಲ್ಲಿ ಬಟ್ಟೆ ಒಗೆಯುವಾಗ ಎದುರಿದ್ದ ಸಿಸ್ಟರ್ ಕೊಳೆ ನೀರನ್ನು ಇವರ ಮುಖಕ್ಕೆ ಹಾರಿಸುತ್ತಲೇ ಇದ್ದರಂತೆ. ಹಿಂದೆ ಸರಿದು ಮುಖ ಒರೆಸಿಕೊಂಡು ತೋರಿಸಬೇಕು ಅನ್ನಿಸಿತಂತೆ. ಸರಿಯಲಿಲ್ಲ. ಅಷ್ಟೇ ಕಥೆ. ಕ್ಷಯ ಬಂದು 24ನೇ ವಯಸ್ಸಿಗೇ ತೀರಿಕೊಂಡ ಅವರನ್ನು 1997ರಲ್ಲಿ ಕಥೋಲಿಕ ಧರ್ಮಸಭೆ ತನ್ನ ಮಹಾ ಬೋಧಕರ ಸಾಲಿಗೆ ಸೇರಿಸಿತು.

ಮಾರ್ಕ್ಸ್ ಕಡಿಮೆ ಬಂತೆಂದು ಬೈಯುವ ಮುಂಚೆ ಫ್ರಾನ್ಸಿನ ಪಾದ್ರಿ ಸಂತ ಜಾನ್ ವಿಯಾನಿಯವರನ್ನು ನೆನೆಸಿಕೊಳ್ಳಿ. ಪಾದ್ರಿಯಾಗಲು ಕಲಿಯಬೇಕಿದ್ದ ಲ್ಯಾಟಿನ್ ಅವರ ತಲೆಗೆ ಹತ್ತಲೇ ಇಲ್ಲ. ಇವತ್ತು ಅವರು ಎಲ್ಲ ಧರ್ಮಕೇಂದ್ರಗಳ ಗುರುಗಳಿಗೂ, ಅಂದರೆ ಚರ್ಚಿನ ಪಾದ್ರಿಗಳಿಗೂ ಪಾಲಕ ಸಂತ. (ಇದನ್ನು ಮಕ್ಕಳಿಗೆ ಪರೀಕ್ಷೆ ಮುಗಿದ ಮೇಲೆ ಹೇಳಿದರೆ ಸಾಕು!)

ದೊಡ್ಡ ಮಕ್ಕಳ ಚಿಂತೆ ಇರುವವರಿಗೆ ಉತ್ತರ ಆಫ್ರಿಕಾದ ಸಂತ ಅಗಸ್ಟಿನ್ ಕಥೆ. ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ಮರಸೇಬು (ಪೇರ್) ಹಣ್ಣು ಕದ್ದರು. ಹಸಿವಿಗಲ್ಲ, ಕದಿಯುವ ಖುಷಿಗೆ. ಹಣ್ಣನ್ನು ಹಂದಿಗಳಿಗೆ ಎಸೆದರು. ಅಮ್ಮ ಮೊನಿಕಾ ವರ್ಷಗಟ್ಟಲೆ ಅತ್ತರು, ಪ್ರಾರ್ಥಿಸಿದರು, ಮಗನ ಹಿಂದೆ ಸಮುದ್ರ ದಾಟಿ ಇಟಲಿಗೂ ಹೋದರು. 387ರಲ್ಲಿ ಮಗನಿಗೆ ದೀಕ್ಷಾಸ್ನಾನವಾಯಿತು, ಅಂದರೆ ಅವರು ಕ್ರೈಸ್ತರಾದರು. ಅದೇ ವರ್ಷ ಮೊನಿಕಾ ತೀರಿಕೊಂಡರು.

ನೀವು ಮಾಡಬೇಕಾದದ್ದು ಇಷ್ಟೇ. ಮಗುವಿನ ಹೆಸರಿನ ಸಂತರದ್ದೋ, ನಿಮ್ಮ ಚರ್ಚಿನ ಸಂತರದ್ದೋ ಒಂದು ಕಥೆಯನ್ನು ರಾತ್ರಿ ಊಟದ ಹೊತ್ತಿಗೆ ಹೇಳಿ. ಅವರು ಎಡವಿದ್ದನ್ನೂ ಸೇರಿಸಿ ಹೇಳಿ. ಮಗು ಅದನ್ನೇ ಎರಡು ನಿಮಿಷ ಹೇಳಲಿ. ಮನೆಯಲ್ಲಿರುವ ಒಂದು ವಸ್ತು ತಂದರೆ ಸಾಕು. ಮೊಬೈಲ್ ನೋಡಿ ಬಾಯಿಪಾಠ ಮಾಡಿಸಬೇಡಿ, ಗೊತ್ತಾಗಿಬಿಡುತ್ತದೆ.

ಬೆಳಿಗ್ಗೆ 10 ಗಂಟೆಗೆ ಶುರು. ತೋಟದ ಕೆಲಸ ಬಿಟ್ಟು ಬರಲಾಗದವರು ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಮಾತಾಡುವವನು ಹೋದ ವರ್ಷದ ಆ ಹುಡುಗನೇ. ಕೇಳಿದೆ, ಈ ಸಲ ಹೊಸ ಪೊರಕೆ ತರುತ್ತಾನಂತೆ.

ನಿಮ್ಮ,
ಮುಖ್ಯೋಪಾಧ್ಯಾಯಿನಿ
ಚಿಕ್ಕಮಗಳೂರು