ಮಗಳಿಗೊಂದು ಪತ್ರ: ಗಾಮಾ ಜೀನನ್ನು ಸುಮ್ಮನಿರಿಸುವ ಪ್ರೋಟೀನ್

ಪ್ರೀತಿಯ ಮಗಳೇ,

ನೀನು ಬೀಟಾ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತಕಾಯಿಲೆಯ ವಾಹಕಿ (ಜೀನಿನ ಒಂದು ಪ್ರತಿ ಮಾತ್ರ ಕೆಟ್ಟಿರುವವಳು) ಎಂಬ ವರದಿ ನೋಡಿ, ಈಗ ಇದಕ್ಕೆ ಜೀನ್ ಚಿಕಿತ್ಸೆಯೇ ಬಂದಿದೆಯಂತಲ್ಲ, ಮತ್ತೇಕೆ ಚಿಂತೆ ಎಂದು ನೀನು ನನ್ನನ್ನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ ಸರಪಳಿಗಳೊಂದಿಗೆ ಎರಡು ಗಾಮಾ ಸರಪಳಿಗಳಿರುತ್ತವೆ. ಹುಟ್ಟಿದ ಕೆಲವು ತಿಂಗಳಲ್ಲಿ ಗಾಮಾದ ಜಾಗಕ್ಕೆ ಬೀಟಾ ಬರುತ್ತದೆ; ಈ ಕಾಯಿಲೆಯಲ್ಲಿ ಕೆಟ್ಟಿರುವುದು ಆ ಬೀಟಾದ ಜೀನ್. ಥಲಸ್ಸೀಮಿಯಾ ಮೇಜರ್, ಅಂದರೆ ಕಾಯಿಲೆಯ ತೀವ್ರ ರೂಪ, ಇರುವ ಕೂಸು ಹುಟ್ಟಿದಾಗ ಚೆನ್ನಾಗಿಯೇ ಇದ್ದು, ಆಮೇಲೆ ಬಿಳಿಚಿಕೊಳ್ಳುತ್ತ ಹೋಗುವುದು ಇದೇ ಕಾರಣಕ್ಕೆ. ಆದರೆ ಗಾಮಾ ಜೀನ್ ಅಳಿದುಹೋಗಿರುವುದಿಲ್ಲ. ಬಿಸಿಎಲ್11ಎ ಎಂಬ ಪ್ರೋಟೀನ್ ಡಿಎನ್‌ಎಯಲ್ಲಿ ಅದರ ಪಕ್ಕದಲ್ಲೇ ಅಂಟಿಕೊಂಡು ಅದನ್ನು ಸುಮ್ಮನಿರಿಸುತ್ತದೆ. ಜೀನ್‌ಗಳು ಯಾವಾಗ ಕೆಲಸ ಮಾಡಬೇಕೆಂದು ನಿಯಂತ್ರಿಸುವ ಇಂಥ ಪ್ರೋಟೀನ್‌ಗಳನ್ನು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. 2008ರಲ್ಲಿ ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್ ಅವರ ಪ್ರಯೋಗಾಲಯದಲ್ಲಿ ವಿಜಯ್ ಶಂಕರನ್ ಮತ್ತು ಸಂಗಡಿಗರು, ಮಾನವ ರಕ್ತಕೋಶಗಳಲ್ಲಿ ಬಿಸಿಎಲ್11ಎಯನ್ನು ತಗ್ಗಿಸಿದರೆ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ಏರುತ್ತದೆಂದು ತೋರಿಸಿದರು.

ಹಾಗೆಂದು ಅದನ್ನು ಇಡೀ ದೇಹದಿಂದ ತೆಗೆದುಹಾಕುವಂತಿಲ್ಲ. ಮಿದುಳಿನ ಬೆಳವಣಿಗೆಗೂ ರೋಗನಿರೋಧಕ ಬಿ ಕೋಶಗಳಿಗೂ ಅದು ಬೇಕು. ಅದರ ಜೀನಿನ ಒಂದು ಪ್ರತಿ ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿರುವುದರ ಜೊತೆಗೆ ಬುದ್ಧಿಯ ಬೆಳವಣಿಗೆ ಕುಂಠಿತವಾಗಿರುವುದೂ ಕಂಡುಬಂದಿದೆ. ಆದ್ದರಿಂದ ವಿಜ್ಞಾನಿಗಳು ಬಿಸಿಎಲ್11ಎ ಜೀನಿನಲ್ಲಿ ಪ್ರೋಟೀನ್ ತಯಾರಿಸುವ ಸೂಚನೆಯಿರುವ ಭಾಗವನ್ನು ಮುಟ್ಟದೆ, ಕೆಂಪು ರಕ್ತಕೋಶಗಳಾಗಲಿರುವ ಕೋಶಗಳಲ್ಲಿ ಮಾತ್ರ ಅದನ್ನು ಚುರುಕುಗೊಳಿಸುವ ಡಿಎನ್‌ಎ ತುಣುಕನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಕತ್ತರಿಸಿದರು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸಿದ ಹೆಜ್ಜೆ ಇದು. ಕೆಟ್ಟ ಬೀಟಾ ಜೀನ್ ಕೆಟ್ಟಂತೆಯೇ ಉಳಿಯುತ್ತದೆ, ಅದರ ಕೆಲಸವನ್ನು ಗಾಮಾ ಮಾಡುತ್ತದೆ. ಕ್ಯಾಸ್‌ಜೆವಿ ಎಂಬ ಈ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ನೀಡಿತು.

ಆದರೆ ರೋಗಿಯ ದೇಹದಿಂದ ತೆಗೆದು ಹೀಗೆ ತಿದ್ದಿದ ಕಾಂಡಕೋಶಗಳನ್ನು (ರಕ್ತಕೋಶಗಳನ್ನು ಹುಟ್ಟಿಸುವ ಮೂಲಕೋಶಗಳನ್ನು) ಮರಳಿ ಸೇರಿಸುವ ಮೊದಲು ಪ್ರಬಲ ಕೀಮೋಥೆರಪಿಯಿಂದ ಅಸ್ಥಿಮಜ್ಜೆಯನ್ನು ಬರಿದು ಮಾಡಬೇಕು. ಅದರಿಂದ ಸಂತಾನಶಕ್ತಿಗೆ ಧಕ್ಕೆಯಾಗಬಹುದು. ಅಮೆರಿಕದಲ್ಲಿ ಇದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಇದನ್ನು ನೆಚ್ಚಿಕೊಂಡು ಮದುವೆಯ ಮಾತು ಮುಂದುವರಿಸುವುದು ನನಗೆ ಒಪ್ಪಿಗೆಯಿಲ್ಲ.

ನಿನಗೆ ಚಿಕಿತ್ಸೆಯೇನೂ ಬೇಕಾಗಿಲ್ಲ. ಆದರೆ ಹುಡುಗನೂ ವಾಹಕನಾಗಿದ್ದರೆ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25. ಅವನು ನಿಶ್ಚಿತಾರ್ಥಕ್ಕೆ ಮೊದಲೇ ಎಚ್‌ಪಿಎಲ್‌ಸಿ ಎಂಬ, ಹಿಮೋಗ್ಲೋಬಿನ್‌ನ ಬಗೆಗಳನ್ನು ಅಳೆಯುವ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಅವರ ಮನೆಯವರ ಮುಂದೆ ಈ ಮಾತೆತ್ತಲು ನಿನಗೆ ಮುಜುಗರವಾದರೆ ನಾನೇ ಅವನ ತಾಯಿಯೊಂದಿಗೆ ಮಾತನಾಡುತ್ತೇನೆ.

ನಿನ್ನ ಅಮ್ಮ